ಮುದ್ರೆಯೂ ಗುರಿಯೂ

ಉಡಿಗಾಲದ ತರುಣನೊಬ್ಬ ಗಾಳಿಕೋವಿಗೆಂದು ಅಗ್ಗದ ದುರ್ಬೀನೊಂದನ್ನು ಕೊಂಡಿದ್ದ. ಮೇಲೆ ಹೆಸರಾಂತ ಕಂಪನಿಯ ಮುದ್ರೆ. ಹತ್ತು ಗುಂಡು ಹಾರುವಷ್ಟರಲ್ಲಿ ಗುರಿ ಕದಲಿತು. ನಕಲಿನ ಹಣೆಬರಹವೇ ಇಷ್ಟೆಂದು ಅವನು ನೊಂದಾಗ ನನಗೆ ಶ್ರೀರಂಗಪಟ್ಟಣ ನೆನಪಾಯಿತು.

ಟಿಪ್ಪುವಿನ ಕುಶಲಕರ್ಮಿಗಳೂ ಯುರೋಪಿನ ಚಕಮಕಿ ಕೋವಿಯ ಮಾದರಿಯನ್ನೇ ಅನುಸರಿಸಿದವರು. 1788ರಲ್ಲಿ ಅವನ ರಾಯಭಾರಿಗಳು ಹದಿನಾರನೆಯ ಲೂಯಿಯ ಬಳಿ ಕುಶಲಕರ್ಮಿಗಳನ್ನು ಬೇಡಿದ್ದೂ ಉಂಟು. ಆದರೂ ಆ ಕೋವಿಗಳು ಫ್ರಾನ್ಸಿನ ಹೆಸರನ್ನು ಹೊರಲಿಲ್ಲ. ಹುಲಿಯ ರೂಪವನ್ನೂ ಹುಲಿಪಟ್ಟೆಯನ್ನೂ ತಾಳಿದವು. 1799ರಲ್ಲಿ ಪಟ್ಟಣ ಬಿದ್ದಾಗ ಗೆದ್ದವರು ಅವನ್ನು ವಿಜಯದ ಕುರುಹೆಂದು ಇಂಗ್ಲೆಂಡಿಗೆ ಒಯ್ದರು.

ಅನುಕರಣೆ ವಿದ್ಯೆಯ ಮೊದಲ ಮೆಟ್ಟಿಲು; ಪರರ ಹೆಸರನ್ನು ಧರಿಸುವುದು ವಂಚನೆ. ಕೈಯಲ್ಲಿ ಹಣ ಕೂಡುವವರೆಗೆ ಕೋವಿಯ ಮೇಲಿನ ಕಬ್ಬಿಣದ ಗುರಿಯೇ ಸಾಕೆಂದು ಆ ತರುಣನಿಗೆ ಹೇಳಿದೆ.