ಸೇತುವಿನ ತುದಿಯ ಊರು

ಆಸೇತುಹಿಮಾಚಲ ಎಂಬ ಮಾತನ್ನು ನಾವು ಎಷ್ಟೋ ಬಾರಿ ಆಡುತ್ತೇವೆ. ಹಿಮಾಚಲವೇನೋ ಕಣ್ಣಿಗೆ ಕಟ್ಟುತ್ತದೆ. ಸೇತು ಮೊದಲಾಗುವುದೆಲ್ಲಿ ಎಂದರೆ ಕ್ಷಣಕಾಲ ತಡೆಯುತ್ತೇವೆ. ರಾಮೇಶ್ವರ ದ್ವೀಪದ ಆಗ್ನೇಯದಲ್ಲಿ ಮರಳ ದಿಬ್ಬಗಳ ನೀಳವಾದ ನಾಲಗೆಯೊಂದು ಸಿಂಹಳದತ್ತ ಚಾಚಿದೆ. ಅದೇ ಧನುಷ್ಕೋಟಿ. ಕಾಶಿ-ರಾಮೇಶ್ವರ ಯಾತ್ರೆ ಮಾಡುತ್ತಿದ್ದ ನಮ್ಮ ಹಿರಿಯರು ಸೇತುವಿನ ಮರಳನ್ನು ಪ್ರಯಾಗದ ಸಂಗಮದಲ್ಲಿ ಬಿಟ್ಟು, ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸುತ್ತಿದ್ದರು.

1914ರಲ್ಲಿ ಪಾಂಬನ್ ಸೇತುವೆ ತೆರೆದಾಗ ಈ ತೀರ್ಥಕ್ಷೇತ್ರ ರೇವುಪಟ್ಟಣವಾಯಿತು. ಮದರಾಸಿನಲ್ಲಿ ರೈಲು ಹತ್ತಿದವನು ಇಲ್ಲಿಳಿದು, ಹಡಗಿನಲ್ಲಿ ತಲೈಮನ್ನಾರನ್ನು ಸೇರಿ, ಮತ್ತೆ ರೈಲಿನಲ್ಲಿ ಕೊಲಂಬೊ ತಲುಪುತ್ತಿದ್ದ. ನಿಲ್ದಾಣ, ಅಂಚೆ ಕಛೇರಿ, ಇಗರ್ಜಿ ಎಲ್ಲವೂ ಮರಳಿನ ಮೇಲೆದ್ದವು. ಐವತ್ತು ವರ್ಷಗಳ ಈ ವೈಭವಕ್ಕೆ ಒಂದೇ ರಾತ್ರಿ ಸಾಕಾಯಿತು. 1964ರ ಡಿಸೆಂಬರ್ 22ರಂದು ಚಂಡಮಾರುತವೆಬ್ಬಿಸಿದ ಅಲೆಗಳು ಊರನ್ನು ನುಂಗಿದವು. ಪಾಂಬನ್‌ನಿಂದ ಹೊರಟಿದ್ದ ರೈಲು ನೂರಕ್ಕೂ ಹೆಚ್ಚು ಪ್ರಯಾಣಿಕರೊಡನೆ ಕಡಲಪಾಲಾಯಿತು. ಈ ನೆಲ ವಾಸಯೋಗ್ಯವಲ್ಲವೆಂದು ಸರಕಾರ ಸಾರಿತು.

ಧನುಷ್ಕೋಟಿಯ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲಿಸುತ್ತಾರೆ. ಬೆಸ್ತರ ಕಥೆ ಮಾತ್ರ ನಿಲ್ಲಲಿಲ್ಲ. ರೈಲು ಮರಳಲಿಲ್ಲ, ಹಡಗು ಮರಳಲಿಲ್ಲ; ಅವರು ಮರಳಿದರು. ಗಾಳಿ ಕಿತ್ತೊಯ್ದರೆ ಮತ್ತೆ ಕಟ್ಟಿಕೊಳ್ಳಬಹುದಾದ ಗರಿಯ ಗುಡಿಸಲು ಅವರದು. ಉತ್ತರದ ಪಾಕ್ ಕೊಲ್ಲಿ ಅವರಿಗೆ ಹೆಣ್ಣುಕಡಲು, ದಕ್ಷಿಣದ ಮನ್ನಾರ್ ಕೊಲ್ಲಿ ಗಂಡುಕಡಲು. ಒಂದು ಶಾಂತ, ಇನ್ನೊಂದು ರಭಸ. ಗಾಳಿಯ ದಿಕ್ಕನ್ನರಿತು ಅವರು ಬಲೆಯನ್ನಿಳಿಸುತ್ತಾರೆ. ನಮ್ಮ ಕರಾವಳಿಯ ರಂಪಣಿಯನ್ನು ಕಂಡವರಿಗೆ ಅವರ ‘ಕರೈವಲೈ’ ಅಪರಿಚಿತವಲ್ಲ: ಬಲೆಯ ಎರಡು ತುದಿಗಳನ್ನೂ ದಡದಲ್ಲಿ ನಿಂತು ಹತ್ತಾರು ಮಂದಿ ಒಂದಾಗಿ ಎಳೆಯಬೇಕು. ಎರಡು ಉಪ್ಪುಕಡಲುಗಳ ನಡುವೆ ಮರಳನ್ನು ಕೈಯಿಂದ ತೋಡಿ ಅವರು ಸಿಹಿನೀರು ಪಡೆಯುತ್ತಾರೆ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆಯೇ ನಿಂತಿರುತ್ತದೆ. ಆಳಕ್ಕೆ ತೋಡಿದರೆ ಉಪ್ಪು. ಎಲ್ಲಿ ನಿಲ್ಲಿಸಬೇಕೆಂಬ ಈ ಅರಿವೇ ಅವರನ್ನು ಉಳಿಸಿದೆ.

1974 ಮತ್ತು 1976ರ ಒಪ್ಪಂದಗಳು ಆ ಎರಡು ಕಡಲುಗಳಲ್ಲೂ ದೇಶದ ಗಡಿಯನ್ನೆಳೆದವು. 2017ರಲ್ಲಿ ತುತ್ತತುದಿಯ ಅರಿಚಲ್‌ಮುನೈವರೆಗೆ ರಸ್ತೆ ಬಂದಿತು. ಪಾಳುಬಿದ್ದ ಇಗರ್ಜಿಯನ್ನು ನೋಡಲು ಜನ ತಂಡತಂಡವಾಗಿ ಬರುತ್ತಾರೆ. ಬಂದವರ ಬಾಯಲ್ಲಿ ಇದು ‘ಸತ್ತ ಊರು’. ಈ ಮಾತು ಅಲ್ಲಿ ಬದುಕಿರುವವರಿಗೆ ಮಾಡುವ ಅನ್ಯಾಯ. ಸತ್ತುದು ನಿಲ್ದಾಣ, ಸತ್ತುದು ರೇವು. ವಾಸಯೋಗ್ಯವಲ್ಲವೆಂದ ನೆಲದಲ್ಲಿ ಬಾಳಿ ತೋರಿಸಿದವರಿಗೆ ಆ ಊರಿನ ಚರಿತ್ರೆಯಲ್ಲಿ ಮೊದಲ ಸ್ಥಾನ ಸಲ್ಲಬೇಕು. ಇಗರ್ಜಿಯ ಕಲ್ಲುಗಳಿಗೆ ಅದರ ನಂತರ.