ಕೈಕೆಲಸದ ಮಡಚುಚಾಕು

ಕೈಕೆಲಸದ ಮಡಚುಚಾಕು ಎಂದರೆ ಕಾರ್ಖಾನೆಯ ಸಾಲುತಯಾರಿಕೆಯಿಂದಲ್ಲದೆ ಒಬ್ಬ ಅಥವಾ ಕೆಲವೇ ಕುಶಲಕರ್ಮಿಗಳ ಕೈಯಲ್ಲಿ, ಸಾಮಾನ್ಯವಾಗಿ ಬಳಸುವವರ ಬೇಡಿಕೆಗೆ ತಕ್ಕಂತೆ ರೂಪುಗೊಳ್ಳುವ, ಅಲಗನ್ನು ಹಿಡಿಯೊಳಗೆ ಮಡಚಿಡಬಹುದಾದ ಚಿಕ್ಕ ಚಾಕು. ಹಣ್ಣು, ಹಗ್ಗ, ಕಬ್ಬಿನ ಜಲ್ಲೆ, ಗೋಣಿಚೀಲದ ಹೊಲಿಗೆ ಮೊದಲಾದವನ್ನು ಕತ್ತರಿಸಲು ಇದನ್ನು ಬಳಸುತ್ತಾರೆ. ಸ್ಥಿರ ಅಲಗಿನ ಚಾಕುವಿಗೆ ಬೇಕಾಗುವ ಒರೆ ಇದಕ್ಕೆ ಬೇಡ. ಹಿಡಿಯೇ ಒರೆಯ ಕೆಲಸ ಮಾಡುತ್ತದೆ. ಭಾರತದಲ್ಲಿ ಈ ಕಸುಬಿಗೆ ಹೆಸರಾದ ಊರು ಉತ್ತರ ಪ್ರದೇಶದ ರಾಮಪುರ. ಕರ್ನಾಟಕದ ಹಳ್ಳಿಗಳಲ್ಲಿ ಅಲಗು ಬಡಿಯುವ ಕಂಬಾರಿಕೆ ಪ್ರಾಚೀನವಾದರೂ ಮಡಚುವ ಚಾಕು ಅದರ ಮುಖ್ಯ ಉತ್ಪನ್ನವಾಗಿಲ್ಲ.

ಪದಮೂಲ

ಕತ್ತಿ ಎಂಬುದು ದ್ರಾವಿಡ ಭಾಷೆಗಳ ಪದ. ಚೂರಿ ಎಂಬುದು ಸಂಸ್ಕೃತದ ಛುರಿಕಾ ಎಂಬುದರಿಂದ ಬಂದಿದೆ. ಚಾಕು ಎಂಬುದು ಪಾರಸಿಯ ಮೂಲಕ ಭಾರತೀಯ ಭಾಷೆಗಳನ್ನು ಸೇರಿದ ಪದ. ದಕ್ಷಿಣ ಭಾರತದ ಮೂಸೆಯ ಉಕ್ಕಿಗೆ ಯುರೋಪಿನಲ್ಲಿ ರೂಢಿಯಾದ ವೂಟ್ಜ್ ಎಂಬ ಹೆಸರು ಕನ್ನಡದ ಉಕ್ಕು ಎಂಬ ಪದದಿಂದ ಹುಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ರಚನೆ ಮತ್ತು ವಿಧಗಳು

ಮಡಚುಚಾಕುವಿನ ಮುಖ್ಯ ಭಾಗಗಳು ಅಲಗು, ಹಿಡಿ, ಅವೆರಡನ್ನೂ ಸೇರಿಸುವ ತಿರುಗಾಣಿ ಮತ್ತು ಕೆಲವು ವಿಧಗಳಲ್ಲಿ ಬೀಗ. ಕೀಲಿನ ರಚನೆಗೆ ಅನುಗುಣವಾಗಿ ಇವುಗಳನ್ನು ಹೀಗೆ ವಿಂಗಡಿಸಬಹುದು.

ಬಿಗಿಗೀಲಿನ ಚಾಕು: ಇದರಲ್ಲಿ ಬೀಗವಾಗಲಿ ಸ್ಪ್ರಿಂಗ್ ಆಗಲಿ ಇರುವುದಿಲ್ಲ. ತಿರುಗಾಣಿಯ ಬಿಗಿತವೇ ಅಲಗನ್ನು ನಿಲ್ಲಿಸುತ್ತದೆ. ಜಪಾನಿನ ಮಿಕಿ ಪಟ್ಟಣದಲ್ಲಿ 1890ರ ದಶಕದಿಂದ ತಯಾರಾಗುತ್ತಿರುವ ಹಿಗೊನೊಕಾಮಿ ಇದಕ್ಕೆ ಉತ್ತಮ ಉದಾಹರಣೆ. ಮಡಚಿದ ತಗಡಿನ ಹಿಡಿ, ಒಂದು ಅಲಗು, ಒಂದು ರಿವೆಟ್, ಇಷ್ಟೇ ಅದರ ರಚನೆ.

ಬೆನ್ನುಸ್ಪ್ರಿಂಗಿನ ಚಾಕು: ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಅಲಗು ತೆರೆದ ಸ್ಥಿತಿಯಲ್ಲಿ ನಿಲ್ಲುತ್ತದೆಯಾದರೂ ಪೂರ್ಣವಾಗಿ ಬಂಧಿತವಾಗುವುದಿಲ್ಲ.

ಉಂಗುರಬೀಗದ ಚಾಕು: ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ರೈತಚಾಕುವಿಗೆ 1955ರಲ್ಲಿ ತಿರುಗುವ ಉಂಗುರವನ್ನು ಸೇರಿಸಲಾಯಿತು. ಉಂಗುರವನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳದು.

ಬೆನ್ನುಬೀಗ ಮತ್ತು ಒಳಪಟ್ಟಿಯ ಬೀಗದ ಚಾಕುಗಳು: ಬೆನ್ನಿನ ಸನ್ನೆ ಅಥವಾ ಹಿಡಿಯೊಳಗಿನ ಲೋಹದ ಪಟ್ಟಿ ಅಲಗಿನ ಬುಡದಲ್ಲಿರುವ ಕಚ್ಚಿಗೆ ಕೂಡಿಕೊಳ್ಳುತ್ತದೆ. ಇವುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬೀಗ ಜಾರುವುದರಿಂದ ತಯಾರಿಕೆಗೆ ಹೆಚ್ಚಿನ ನಿಖರತೆ ಅಗತ್ಯ.

ಇತಿಹಾಸ

ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ದೊರೆತ, ಸುಮಾರು 2,500 ವರ್ಷಗಳಷ್ಟು ಹಳೆಯದಾದ ಮೂಳೆಯ ಹಿಡಿಯ ಚಾಕು ಪ್ರಾಚೀನ ಮಡಚುಚಾಕುಗಳಲ್ಲಿ ಒಂದು. ರೋಮನ್ನರೂ ಇಂತಹ ಚಾಕುಗಳನ್ನು ಬಳಸುತ್ತಿದ್ದರು. ನಂತರದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಜೋಲಿಂಗೆನ್ ನಗರಗಳು ಚಾಕುಗಳ ತಯಾರಿಕೆಗೆ ಪ್ರಸಿದ್ಧವಾದವು.

ಭಾರತದಲ್ಲಿ ರಾಮಪುರ ಸಂಸ್ಥಾನದ ಕುಶಲಕರ್ಮಿಗಳು ಬೆಳೆಸಿದ ರಾಮಪುರಿ ಚಾಕು ಮಡಚುಚಾಕುವಿನ ಅತ್ಯಂತ ಪರಿಚಿತ ರೂಪ. ಹಿಂದಿ ಚಲನಚಿತ್ರಗಳು ಇದನ್ನು ಖಳರ ಆಯುಧವನ್ನಾಗಿ ಜನಮನದಲ್ಲಿ ನಿಲ್ಲಿಸಿದವು. 1965ರ ‘ವಕ್ತ್’ ಚಿತ್ರದಲ್ಲಿ ನಟ ರಾಜ್‌ಕುಮಾರ್ ಚಾಕು ಹಿಡಿದು ಆಡುವ ಮಾತು ಇಂದಿಗೂ ಜನರ ನೆನಪಿನಲ್ಲಿದೆ. ಈ ಕುಖ್ಯಾತಿಯೇ ಕಸುಬಿಗೆ ಮುಳುವಾಯಿತು. 1990ರ ದಶಕದಲ್ಲಿ ಉತ್ತರ ಪ್ರದೇಶದಲ್ಲಿ 4.5 ಅಂಗುಲಕ್ಕಿಂತ ಉದ್ದದ ಅಲಗಿನ ಮೇಲೆ ನಿರ್ಬಂಧ ಬಂದ ನಂತರ ಅನೇಕ ಕುಟುಂಬಗಳು ಈ ವೃತ್ತಿಯನ್ನು ಬಿಟ್ಟವು. 2023ರಲ್ಲಿ ರಾಮಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನು ನಿಲ್ಲಿಸಲಾಯಿತು.

ಕರ್ನಾಟಕದಲ್ಲಿ

ಕೊಡಗಿನ ಪೀಚೆಕತ್ತಿ ಮತ್ತು ಒಡಿಕತ್ತಿಗಳು ಕರ್ನಾಟಕದ ಪ್ರಸಿದ್ಧ ಕೈಕೆಲಸದ ಕತ್ತಿಗಳು. ಆದರೆ ಎರಡೂ ಸ್ಥಿರ ಅಲಗಿನವು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರನ್ನು ನಂಬಿದ ಕಬ್ಬಿನ ಸೀಮೆ. ಚಿಮ್ಮಡದಂತಹ ಈ ಭಾಗದ ಊರುಗಳ ಕಂಬಾರಿಕೆಗೆ ಬೇಸಾಯವೇ ಆಧಾರ. ಕುಡಗೋಲು, ಕೊಡಲಿ, ಕುರ್ಚಿಗೆ, ಈಳಿಗೆ, ನೇಗಿಲ ಕುಳ, ಇವು ಕುಲುಮೆಯ ರೂಢಿಯ ಹತಾರಗಳು. ಹಿಂದೆ ಆಯಗಾರ ಪದ್ಧತಿಯಲ್ಲಿ ಕಂಬಾರನು ವರ್ಷವಿಡೀ ರೈತರ ಹತಾರಗಳನ್ನು ಮಾಡಿ, ಹರಿತಗೊಳಿಸಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಕಾಳಿನ ರೂಪದಲ್ಲಿ ತನ್ನ ಪಾಲನ್ನು ಪಡೆಯುತ್ತಿದ್ದನು. ಈ ವೃತ್ತಿಯ ಹೆಸರೇ ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರೂ ಆಗಿದೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದ, ಜ್ಞಾನಪೀಠ ಪ್ರಶಸ್ತಿ ಪುರಸ್ಕೃತ ಚಂದ್ರಶೇಖರ ಕಂಬಾರರ ಹೆಸರಿನಲ್ಲಿ ಇದನ್ನು ಕಾಣಬಹುದು.

ಹಳ್ಳಿಯ ಕುಲುಮೆಯಿಂದ ಮಡಚುಚಾಕು ಅಪರೂಪವಾಗಿ ಹೊರಬರಲು ಕಾರಣ ಕೌಶಲದ ಕೊರತೆಯಲ್ಲ. ಕೆಲಸದ ಸ್ವರೂಪವೇ ಬೇರೆ. ಅಲಗು ಕಂಬಾರಿಕೆಯ ಕೆಲಸ, ಕೀಲು ಮತ್ತು ಬೀಗ ಅರ ಹಿಡಿಯುವವನ, ಅಳತೆಗೆ ರಂಧ್ರ ಕೊರೆಯುವವನ ಕೆಲಸ, ಹಿಡಿ ಬಡಿಗನದು. ಸ್ಥಿರ ಅಲಗಿನ ಕುಡಗೋಲಿಗೆ ಸಾಕಾಗುವ ಕೈ ಅಂದಾಜು ತಿರುಗಾಣಿಗೆ ಸಾಲದು. ಆದ್ದರಿಂದ ಸ್ಥಳೀಯವಾಗಿ ಇದನ್ನು ಮಾಡಿಸುವಾಗ ಕುಲುಮೆಯಲ್ಲಿ ಅಲಗನ್ನು ಬಡಿಸಿ, ಲೇತ್ ಕೆಲಸಗಾರರಲ್ಲಿ ಕೀಲನ್ನು ಕೂಡಿಸಿ, ಬಡಿಗರಲ್ಲಿ ಹಿಡಿ ಹಾಕಿಸುವ ಮೂರು ಹಂತಗಳ ಕ್ರಮ ಅನುಕೂಲಕರವಾಗುತ್ತದೆ.

ತಯಾರಿಕೆ

ಸಣ್ಣ ಕುಲುಮೆಗಳಲ್ಲಿ ಹಳೆಯ ವಾಹನಗಳ ಪಟ್ಟಿಸ್ಪ್ರಿಂಗ್, ಸವೆದ ಅರ, ಬೇರಿಂಗ್‌ನ ಉಂಗುರ ಮೊದಲಾದ ಇಂಗಾಲಯುಕ್ತ ಉಕ್ಕನ್ನು ಬಳಸುವುದು ರೂಢಿ. ಕಾಯಿಸಿ ಬಡಿದು ಆಕಾರ ಕೊಟ್ಟ ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗುತ್ತದೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದರಿಂದ, ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಅಯಸ್ಕಾಂತವೇ ಅಳತೆಗೋಲು. ಅನಂತರ ಅಲಗನ್ನು ಎಣ್ಣೆಯಲ್ಲಿ ಅದ್ದಿ ಗಡಸುಗೊಳಿಸುತ್ತಾರೆ. ಈ ಹಂತದಲ್ಲಿ ಅದು ಗಾಜಿನಂತೆ ಪೆಡಸಾಗಿರುತ್ತದೆ. ಆದ್ದರಿಂದ ಮತ್ತೆ ಸುಮಾರು 200 ಡಿಗ್ರಿಗೆ ಕಾಯಿಸಿ, ಮೇಲ್ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಹದ ಕೂಡಿತೆಂದು ಭಾವಿಸುತ್ತಾರೆ. ಹದ ತಪ್ಪಿದ ಅಲಗು ಮೊದಲ ದಿನ ಹರಿತವಾಗಿ ಕಂಡರೂ ಬೇಗ ಮೊಂಡಾಗುತ್ತದೆ ಅಥವಾ ಚಕ್ಕೆ ಏಳುತ್ತದೆ.

ಹಿಡಿಗೆ ಜಾಲಿ, ತೇಗ, ಬೀಟೆ ಮೊದಲಾದ ಗಟ್ಟಿ ಮರಗಳು ಮತ್ತು ಎಮ್ಮೆಯ ಕೊಂಬು ಬಳಕೆಯಲ್ಲಿವೆ. ಜಿಂಕೆ ಮತ್ತು ಕಡವೆಗಳ ಕೊಂಬು ಹಾಗೂ ಆನೆಯ ದಂತದ ವ್ಯಾಪಾರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ.

ಬೆಲೆ ಮತ್ತು ಗುಣಪರೀಕ್ಷೆ

ಕೈಕೆಲಸದ ಮಡಚುಚಾಕುವಿನ ಬೆಲೆಯಲ್ಲಿ ಉಕ್ಕಿನ ಪಾಲು ಅಲ್ಪ, ಶ್ರಮದ ಪಾಲು ಹೆಚ್ಚು. ಆ ಶ್ರಮದಲ್ಲಿಯೂ ಬಹುಭಾಗ ಕೀಲಿನದು. ಅಲಗು ತಿರುಗಾಣಿಯ ಮೇಲೆ ಸಲೀಸಾಗಿ ತಿರುಗಬೇಕು, ಆದರೆ ಅಲ್ಲಾಡಬಾರದು. ಈ ಎರಡು ವಿರುದ್ಧ ಬೇಡಿಕೆಗಳನ್ನು ಹೊಂದಿಸಲು ಹಲವು ಬಾರಿ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಬೇಕಾಗುತ್ತದೆ. ಬೀಗ ಸೇರಿದಷ್ಟೂ ಈ ಶ್ರಮ ಹೆಚ್ಚುತ್ತದೆ. ಹೀಗಾಗಿ ಕಡಿಮೆ ವೆಚ್ಚದಲ್ಲಿ ಉತ್ತಮ ಚಾಕು ಬೇಕಾದವರಿಗೆ ಸೂಕ್ತವಾದುದು ಬಿಗಿಗೀಲಿನ ಸರಳ ವಿಧ. ಅಗ್ಗದ ಬೀಗಕ್ಕಿಂತ ಬೀಗವಿಲ್ಲದ ಗಟ್ಟಿ ಕೀಲು ಹೆಚ್ಚು ಸುರಕ್ಷಿತ. ಏಕೆಂದರೆ ಸುಳ್ಳು ಬೀಗವನ್ನು ನಂಬಿ ಒತ್ತಿದ ಕೈಯ ಮೇಲೆಯೇ ಅಲಗು ಮಡಚಿಕೊಳ್ಳುತ್ತದೆ.

ಅಲಂಕಾರದ ಹಿತ್ತಾಳೆ ಕೆಲಸ, ಕೆತ್ತನೆ ಮತ್ತು ಕನ್ನಡಿಯಂತಹ ಹೊಳಪು ಬೆಲೆಯನ್ನು ಏರಿಸುತ್ತವೆಯೇ ಹೊರತು ಕತ್ತರಿಸುವ ಗುಣವನ್ನಲ್ಲ. ಡಮಾಸ್ಕಸ್ ಎಂಬ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುವ ಅಲಗುಗಳಲ್ಲಿ ಕೆಲವೊಮ್ಮೆ ಮೆದು ಕಬ್ಬಿಣದ ಮೇಲೆ ಆಮ್ಲದಿಂದ ಗೆರೆ ಮೂಡಿಸಿರುವುದುಂಟು.

ಕೊಳ್ಳುವಾಗ ಸಾಮಾನ್ಯವಾಗಿ ಪರಿಶೀಲಿಸುವ ಅಂಶಗಳು ಇವು:

ತೆರೆದ ಅಲಗನ್ನು ಎಡಬಲಕ್ಕೆ ಅಲುಗಿಸಿದಾಗ ಸಡಿಲವಿರಬಾರದು.

ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ತುದಿ ಪೂರ್ಣವಾಗಿ ಮರೆಯಾಗಬೇಕು.

ಅಲಗಿನ ಬುಡದ ಮೇಲೆ ಸಣ್ಣ ಅರವನ್ನು ಹಗುರವಾಗಿ ಎಳೆದಾಗ ಅದು ಕಚ್ಚದೆ ಜಾರಿದರೆ ಉಕ್ಕು ಗಡಸಾಗಿದೆ ಎಂದರ್ಥ.

ಬೀಗವಿದ್ದಲ್ಲಿ, ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲನೆ ಒತ್ತಿದಾಗ ಬೀಗ ಜಾರಬಾರದು.

ಬೇಡಿಕೆ ಕೊಟ್ಟು ಮಾಡಿಸುವಾಗ ಅಲಗಿನ ಉದ್ದ, ದಪ್ಪ ಮತ್ತು ಉಪಯೋಗವನ್ನು ಮೊದಲೇ ತಿಳಿಸಿ, ರಟ್ಟಿನಲ್ಲಿ ನಿಜಗಾತ್ರದ ಮಾದರಿಯನ್ನು ಕತ್ತರಿಸಿ ಕೊಡುವುದು ಉಪಯುಕ್ತ. ದಿನಬಳಕೆಯ ಚಾಕುವಿಗೆ ಸುಮಾರು 3 ಅಂಗುಲ ಉದ್ದ ಮತ್ತು 2ರಿಂದ 3 ಮಿಲಿಮೀಟರ್ ದಪ್ಪದ ಅಲಗು ಸಾಕು.

ಕಾನೂನು

ಭಾರತದಲ್ಲಿ ಹರಿತವಾದ ಆಯುಧಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ ಅಡಿಯಲ್ಲಿ ರಚಿತವಾದ 2016ರ ನಿಯಮಗಳ ಪಟ್ಟಿಯಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕು, ಕತ್ತಿ ಮುಂತಾದವು ಸೇರಿವೆ. ಗೃಹಕೃತ್ಯ, ಬೇಸಾಯ, ವಿಜ್ಞಾನ ಮತ್ತು ಕೈಗಾರಿಕೆಯ ಉಪಯೋಗಕ್ಕಾಗಿ ರೂಪಿಸಿದವುಗಳಿಗೆ ಈ ಪಟ್ಟಿಯಲ್ಲಿ ವಿನಾಯಿತಿ ಇದೆ. ರಾಜ್ಯ ಹಾಗೂ ಸ್ಥಳೀಯ ಆದೇಶಗಳು ಇದಕ್ಕಿಂತ ಕಠಿಣವಾಗಿರಬಹುದು. ಚುನಾವಣೆ ಅಥವಾ ನಿಷೇಧಾಜ್ಞೆಯ ಸಮಯದಲ್ಲಿ ಚಿಕ್ಕ ಚಾಕುವನ್ನೂ ಒಯ್ಯುವುದು ತೊಂದರೆಗೆ ಕಾರಣವಾಗಬಹುದು. ವಿಮಾನದ ಕೈಚೀಲದಲ್ಲಿ ಚಾಕುವನ್ನು ಒಯ್ಯುವಂತಿಲ್ಲ.

ಆರೈಕೆ

ಇಂಗಾಲಯುಕ್ತ ಉಕ್ಕಿನ ಅಲಗು ತುಕ್ಕು ಹಿಡಿಯುತ್ತದೆ. ನಿಂಬೆ, ಮಾವು, ಹುಣಸೆ ಮುಂತಾದ ಹುಳಿ ಪದಾರ್ಥಗಳನ್ನು ಕೊಯ್ದ ಕೂಡಲೇ ತೊಳೆದು ಒಣಗಿಸಬೇಕಾಗುತ್ತದೆ. ಕಾಲಕ್ರಮದಲ್ಲಿ ಮೂಡುವ ಬೂದುಬಣ್ಣ ದೋಷವಲ್ಲ. ತಿರುಗಾಣಿಗೆ ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಸಾಕು. ಶೇಂಗಾ ಎಣ್ಣೆಯಂತಹ ಅಡುಗೆಯ ಎಣ್ಣೆ ಕಾಲಾನಂತರ ಅಂಟಾಗಿ ಕೀಲನ್ನು ಬಿಗಿಸುತ್ತದೆ. ಯಂತ್ರದ ಸಾಣೆಯಲ್ಲಿ ಅಲಗು ಅತಿಯಾಗಿ ಕಾಯ್ದರೆ ಹದ ಕೆಡುವುದರಿಂದ ನೀರು ಹಾಕಿ ಉಜ್ಜುವ ಸಾಣೆಕಲ್ಲು ಉತ್ತಮ.

ಪ್ರಸ್ತುತ ಸ್ಥಿತಿ

ಕಾರ್ಖಾನೆಯ ಅಗ್ಗದ ಚಾಕುಗಳು, ಟ್ರ್ಯಾಕ್ಟರ್ ಮತ್ತು ಕಟಾವು ಯಂತ್ರಗಳು ಹಳ್ಳಿಯ ಕುಲುಮೆಯ ಕೆಲಸವನ್ನು ಕುಗ್ಗಿಸಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆ, ಬೀಗ ತಯಾರಿಕೆ ಮತ್ತು ಬಡಿಗತನ ಸೇರಿವೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಮತ್ತು ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಸಾಲ ಇದರ ಅಂಶಗಳು. ಮಡಚುಚಾಕು ಬೇಡುವ ಮೂರು ಕೈಗಳೂ ಈ ಪಟ್ಟಿಯಲ್ಲಿವೆ. ಆದರೆ ಉಕ್ಕಿನ ಹದವು ಬೆಂಕಿಯ ಬಣ್ಣ ನೋಡಿ ಕಲಿಯುವ ವಿದ್ಯೆ. ಅದು ಒಂದು ಕುಲುಮೆಯ ಹಿರಿಯರಿಂದ ಕಿರಿಯರಿಗೆ ಕೆಲಸದ ನಡುವೆಯೇ ದಾಟಬೇಕು. ಕೆಲಸ ಮಾಡಿಸುವವರು ಇಲ್ಲವಾದ ಊರಿನಲ್ಲಿ ಕುಲುಮೆ ಆರುವುದರೊಂದಿಗೆ ಆ ವಿದ್ಯೆಯೂ ಆರುತ್ತದೆ.