ಕೋಟೆಯೂ ಕೋಟೆಯವರೂ

ಕಾಸರಗೋಡಿಗೆ ಬರುವ ಬಂಧುಮಿತ್ರರನ್ನು ನಾವು ಮೊದಲು ಕರೆದೊಯ್ಯುವುದು ಬೇಕಲ ಕೋಟೆಗೆ. ಕಡಲಿಗೆ ಚಾಚಿ ನಿಂತ ಮುರಕಲ್ಲಿನ ಗೋಡೆಯನ್ನು ತೋರಿಸಿ, ಇದು ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಗೆ ನಮ್ಮ ಇತಿಹಾಸ ಮುಗಿಯುತ್ತದೆ. ಆ ಕೋಟೆಯನ್ನು ಹಗಲಿರುಳು ಕಾದವರು ಯಾರು, ಅವರ ಮಕ್ಕಳುಮೊಮ್ಮಕ್ಕಳು ಏನಾದರು ಎಂದು ಬಂದವರು ಕೇಳುವುದಿಲ್ಲ; ನಾವೂ ಹೇಳುವುದಿಲ್ಲ. ಈ ಲೇಖನ ಆ ಕೊರತೆಯನ್ನು ಕುರಿತದ್ದು.

ಬಿದನೂರನ್ನು ರಾಜಧಾನಿಯಾಗಿಸಿಕೊಂಡು 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನಿಗೆ ಕರಾವಳಿ ಕೇವಲ ರಾಜ್ಯದ ಅಂಚಾಗಿರಲಿಲ್ಲ. ಘಟ್ಟದ ಕಾಳುಮೆಣಸು, ಬಯಲಿನ ಅಕ್ಕಿ ಎರಡೂ ಕಡಲ ದಾರಿಯಾಗಿ ಹೊರಗೆ ಹೋಗಬೇಕಿತ್ತು. ತೆಂಕಣಕ್ಕೆ ಕೋಲತ್ತಿರಿಗಳ ನಾಡು. ತುಳುನಾಡಿಗೂ ಕೋಲತ್ತುನಾಡಿಗೂ ಗಡಿಯೆಂದು ಹೇಳಲಾಗುವ ಚಂದ್ರಗಿರಿ ಹೊಳೆಯನ್ನು ದಾಟಿ, ಅದರ ದಕ್ಷಿಣ ದಂಡೆಯ ಮೇಲೂ ಆತ ಕೋಟೆ ಕಟ್ಟಿಸಿದ. ಇನ್ನೂ ದಕ್ಷಿಣಕ್ಕೆ ಬೇಕಲ, ಅದರಾಚೆ ಸೋಮಶೇಖರ ನಾಯಕನ ಹೆಸರಿನೊಡನೆ ಕೂಡಿಬಂದ ಹೊಸದುರ್ಗ, ಉತ್ತರಕ್ಕೆ ಕುಂಬಳೆಯ ಬಳಿಯ ಆರಿಕ್ಕಾಡಿ. ಹೀಗೆ ಕೋಟೆಗಳ ಒಂದು ಸಾಲೇ ಎದ್ದಿತು. 1730ರ ದಶಕದಲ್ಲಿ ಕೆಳದಿಯ ಸೈನ್ಯ ಕೋಲತ್ತುನಾಡಿನ ಮೇಲೆ ದಂಡೆತ್ತಿ ಹೋದದ್ದೂ ಈ ದಾರಿಯಲ್ಲಿಯೇ.

ಸುಮಾರು 40 ಎಕರೆ ಹರಹಿನ ಬೇಕಲ ಕೋಟೆಯನ್ನು ನಿಧಾನವಾಗಿ ಸುತ್ತಿದರೆ, ಅದು ಅರಸನಿಗಿಂತ ಹೆಚ್ಚಾಗಿ ಕಾವಲಿನವನ ಮಾತನ್ನೇ ಆಡುತ್ತದೆ. ನೇರವಾಗಿ ನುಗ್ಗಲಾಗದಂತೆ ಸೊಟ್ಟಗೆ ತಿರುಗುವ ಪ್ರವೇಶದಾರಿ, ದೂರದ ಹಡಗಿಗೂ ಹತ್ತಿರ ಬಂದ ಶತ್ರುವಿಗೂ ಬೇರೆಬೇರೆ ಓರೆಯಲ್ಲಿ ಗುರಿಯಿಡುವಂತೆ ಗೋಡೆಯಲ್ಲಿ ಕೊರೆದ ಕಿಂಡಿಗಳು, ಮೆಟ್ಟಿಲಿಳಿದು ನೀರು ಮೊಗೆಯುವ ಕೆರೆ, ಮದ್ದಿನ ಮನೆ, ಬಾಗಿಲ ಬಳಿ ಮುಖ್ಯಪ್ರಾಣನ ಗುಡಿ. ಇವು ತಿಂಗಳುಗಟ್ಟಲೆ ಒಂದೆಡೆ ನೆಲೆಸಿ, ನೀರಿಗೂ ನಿದ್ದೆಗೂ ದೇವರಿಗೂ ಅಲ್ಲಿಯೇ ದಾರಿ ಕಂಡುಕೊಂಡ ಜನರ ಗುರುತುಗಳು. ಆರಿಕ್ಕಾಡಿಯ ಕೋಟೆಯಲ್ಲಿಯೂ ಆಂಜನೇಯನೇ ಕಾವಲು ನಿಂತಿದ್ದಾನೆ.

ಹಾಗೆ ನೆಲೆಸಿದವರನ್ನು ನಾಡು 'ಕೋಟೆಯವರು' ಎಂದು ಕರೆಯಿತು. ಕೆಳದಿಯ ಅರಸರು ಕೋಟೆ ಕಾವಲಿಗೆಂದು ಕರೆತಂದ ಈ ಜನ ಇಂದು ರಾಮಕ್ಷತ್ರಿಯರೆಂದು ಪರಿಚಿತರು. ಸುತ್ತಲಿನ ಊರು ಮಲಯಾಳ ಮಾತಾಡುತ್ತಿದ್ದರೂ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡವರು. ಹೊಸದುರ್ಗದ ಹೆಸರೇ ಆ ಎರಡು ಭಾಷೆಗಳ ನೆರೆಹೊರೆಗೆ ಸಾಕ್ಷಿ: ಕನ್ನಡದಲ್ಲಿ ಹೊಸದುರ್ಗ, ಮಲಯಾಳದಲ್ಲಿ ಪುದಿಯಕೋಟ. ಎರಡಕ್ಕೂ ಅರ್ಥವೊಂದೇ. ಕಾಸರಗೋಡು ಪೇಟೆಯ ಕೋಟೆಕಣಿಯಲ್ಲಿ ಕೋಟೆ ಕಣ್ಣಿಗೆ ಅಷ್ಟಾಗಿ ಬೀಳದಿದ್ದರೂ ಹೆಸರಿನಲ್ಲಿ ಗಟ್ಟಿಯಾಗಿ ನಿಂತಿದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೋಟೆಗಳು ಕೈ ಬದಲಾಯಿಸಿದವು. ಟಿಪ್ಪುವಿನ ಕಾಲದಲ್ಲಿ ಬೇಕಲ ಮುಖ್ಯ ಸೈನಿಕ ಠಾಣೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಎಲ್ಲವೂ ಕಂಪನಿಯ ವಶವಾದವು. 1801ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಗುಂಡು ಕೊತ್ತಳಗಳನ್ನು ಮೆಚ್ಚಿ ಬರೆದ. ಆದರೆ ಕೋಟೆಗಳಿಗೆ ಕೆಲಸ ಮುಗಿದಿತ್ತು. ಅರಸು ಹೋಯಿತು, ಸೈನ್ಯ ಕರಗಿತು. ಕಾದವರ ಸಂತತಿ ಮಾತ್ರ ಇಲ್ಲಿಯೇ ಉಳಿಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. ಹಳೆಯ ಗಡಿಹೊಳೆಯೇ ಮತ್ತೆ ಗಡಿಯಾಗಿ ಕಾಗದದ ಮೇಲೆ ಮೂಡಿತು. ನಾವು ಆ ವರದಿಯನ್ನು ಎಷ್ಟೋ ಸಲ ಉದ್ಧರಿಸಿದ್ದೇವೆ. ಆದರೆ ನಾವು ಹೆಮ್ಮೆಪಡುವ ಬೇಕಲ, ಹೊಸದುರ್ಗಗಳೂ ಅಲ್ಲಿನ ಕನ್ನಡದ ಮನೆಗಳೂ ಆ ಗೆರೆಯ ದಕ್ಷಿಣಕ್ಕೆ ಇವೆ ಎಂಬುದನ್ನು ಹೆಚ್ಚಾಗಿ ನೆನೆಯಲಿಲ್ಲ. ಕೋಟೆಯನ್ನು ವಾದಕ್ಕೆ ಸಾಕ್ಷಿಯಾಗಿ ಕರೆದೆವು; ಕೋಟೆಯವರನ್ನು ಮಾತಿಗೆ ಕರೆಯಲಿಲ್ಲ. ಈ ತಪ್ಪನ್ನು ಒಪ್ಪಿಕೊಳ್ಳುವುದು ನಮಗೆ ಭೂಷಣ.

ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮಗೆ ಕೀರ್ತಿಯೆನಿಸುವ ಕೋಟೆ ಕೋಲತ್ತುನಾಡಿನ ನೆನಪಿನಲ್ಲಿ ದಂಡೆತ್ತಿ ಬಂದವರ ಗುರುತು. ಹೊಳೆಯ ಎರಡೂ ದಂಡೆಯ ಹಿರಿಯರ ಮಾತನ್ನು ಕೇಳಿಕೊಂಡಾಗಲೇ ಊರಿನ ಚರಿತ್ರೆ ಪೂರ್ಣವಾಗುತ್ತದೆ.

ಆದುದರಿಂದ ಸಂಘದ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಅಟ್ಟದ ಮೇಲಿನ ಓಲೆಗರಿ, ಕಡತ, ಹಳೆಯ ಕತ್ತಿ, ಮನೆತನದ ಹೆಸರಿನ ಹಿಂದಿನ ಕತೆ, ಗುಡಿಯ ಉತ್ಸವದಲ್ಲಿ ಯಾವ ಮನೆಗೆ ಯಾವ ಗೌರವ ಸಲ್ಲುತ್ತದೆ ಎಂಬ ವಾಡಿಕೆ, ಇವೆಲ್ಲವನ್ನೂ ಬರೆದಿಡಿ. ಅಜ್ಜಿಯರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆಯಿರಿ, ತಿದ್ದಬೇಡಿ. ಮುರಕಲ್ಲಿನ ಗೋಡೆಯನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಅದನ್ನು ಕಾದವರ ನೆನಪನ್ನು ಕಾಯುವ ಸರದಿ ನಮ್ಮದು.